ಗೊರಕೆ ಗಾಢ ನಿದ್ದೆಯ ಗುರುತೇ? ನಿದ್ರಾ ಸಮಸ್ಯೆಗಳನ್ನು ಪತ್ತೆ ಹಚ್ಚುವುದು ಹೇಗೆ?

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ನಮಗೆಲ್ಲ ಗೊತ್ತು. ಬಸ್ಸಿನಲ್ಲಿ ಕೂತ ಎರಡೇ ನಿಮಿಷಕ್ಕೆ ತೂಕಡಿಸುವವರನ್ನು, ಮದುವೆ ಮನೆಯ ಗದ್ದಲದಲ್ಲೂ ಗೊರಕೆ ಹೊಡೆಯುವವರನ್ನು ನೋಡಿ 'ಪುಣ್ಯವಂತರು' ಎನ್ನುವುದೂ ಉಂಟು. ಇದೇ ನಂಬಿಕೆ ಈಗ ವಾಟ್ಸಾಪ್‌ನಲ್ಲಿ ಬೇರೆ ಬೇರೆ ರೂಪದಲ್ಲಿ ಹರಿದಾಡುತ್ತಿದೆ. ಗೊರಕೆ ಗಾಢ ನಿದ್ದೆಯ ಲಕ್ಷಣ ಎಂದು ಒಂದು ಸಂದೇಶ ಹೇಳಿದರೆ, ಮೂಗಿಗೆ ಎರಡು ಹನಿ ತುಪ್ಪ ಬಿಟ್ಟರೆ ಗೊರಕೆ ಮಾಯ ಎನ್ನುತ್ತದೆ ಇನ್ನೊಂದು. ನಿದ್ದೆ ಬರದಿದ್ದರೆ ಇಂಥ ಮಾತ್ರೆ ತೆಗೆದುಕೊಳ್ಳಿ ಎಂದು ಮಾತ್ರೆಯ ಹೆಸರನ್ನೇ ಬರೆದು ಕಳಿಸುವ ಸಂದೇಶಗಳೂ ಇವೆ.

ಇವೆಲ್ಲದರಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ನಿದ್ದೆಯ ತೊಂದರೆ ಎಂದರೆ ಒಂದೇ ಕಾಯಿಲೆ, ಅದಕ್ಕೆ ಒಂದೇ ಮದ್ದು ಎಂದು ಅವು ಭಾವಿಸುತ್ತವೆ. ವಾಸ್ತವದಲ್ಲಿ ನಿದ್ರಾ ಕಾಯಿಲೆಗಳು ಹಲವು. ಒಂದಕ್ಕೆ ಕೊಡುವ ಔಷಧ ಇನ್ನೊಂದನ್ನು ಹೆಚ್ಚಿಸಬಹುದು. ಸಾಮಾನ್ಯವಾಗಿ ಕಾಣುವ ನಿದ್ರಾ ಕಾಯಿಲೆಗಳು ಯಾವುವು, ಅವು ಯಾಕೆ ವರ್ಷಗಟ್ಟಲೆ ಪತ್ತೆಯಾಗದೆ ಉಳಿಯುತ್ತವೆ, ಪತ್ತೆ ಮಾಡುವ ಕ್ರಮ ಹೇಗೆ ಎಂಬುದನ್ನು ನಾವು ಇಲ್ಲಿ ವಿವರಿಸುತ್ತೇವೆ.

ಗೊರಕೆ ಯಾವಾಗ ಕಾಯಿಲೆ?

ನಾವು ಮಲಗಿದಾಗ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಉಸಿರು ಹೋಗುವ ದಾರಿ ಸ್ವಲ್ಪ ಕಿರಿದಾಗುತ್ತದೆ. ಆ ಕಿರಿದಾದ ದಾರಿಯಲ್ಲಿ ಗಾಳಿ ನುಗ್ಗುವಾಗ ಮೃದು ಅಂಗುಳ ಮತ್ತು ಕಿರುನಾಲಿಗೆ ಅದುರಿ ಬರುವ ಸದ್ದೇ ಗೊರಕೆ. ನೆಗಡಿಯಾದಾಗ, ತುಂಬಾ ದಣಿದಾಗ ಅಥವಾ ಮದ್ಯ ಕುಡಿದು ಮಲಗಿದಾಗ ಗೊರಕೆ ಬರುವುದು ಸಾಮಾನ್ಯ. ಗೊರಕೆ ಹೊಡೆಯುವ ಎಲ್ಲರೂ ರೋಗಿಗಳಲ್ಲ.

ಆದರೆ ಕೆಲವರಲ್ಲಿ ಆ ದಾರಿ ಕಿರಿದಾಗುವುದಷ್ಟೇ ಅಲ್ಲ, ಮುಚ್ಚಿಯೇ ಹೋಗುತ್ತದೆ. ಜೋರಾಗಿ ಕೇಳುತ್ತಿದ್ದ ಗೊರಕೆ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಎದೆ ಏರಿಳಿಯುತ್ತಿದ್ದರೂ ಗಾಳಿ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಆಗ ಮೆದುಳು ಗಾಬರಿಯಾಗಿ ದೇಹವನ್ನು ಅರೆಕ್ಷಣ ಎಚ್ಚರಿಸುತ್ತದೆ. ಏದುಸಿರಿನೊಂದಿಗೆ ದಾರಿ ತೆರೆದುಕೊಂಡು ಗೊರಕೆ ಮತ್ತೆ ಶುರುವಾಗುತ್ತದೆ. ಇದೇ ಅಬ್‌ಸ್ಟ್ರಕ್ಟಿವ್ ಸ್ಲೀಪ್ ಆಪ್ನಿಯಾ, ಅಂದರೆ ಉಸಿರಿನ ದಾರಿ ಕಟ್ಟಿಕೊಂಡು ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ಕಾಯಿಲೆ.

ಉಸಿರು ಕನಿಷ್ಠ 10 ಸೆಕೆಂಡು ನಿಂತರೆ ಅಥವಾ ಗಣನೀಯವಾಗಿ ಕಡಿಮೆಯಾದರೆ ಅದನ್ನು ಒಂದು ಘಟನೆ ಎಂದು ಲೆಕ್ಕ ಹಾಕುತ್ತಾರೆ. ವಯಸ್ಕರಲ್ಲಿ ಗಂಟೆಗೆ 5ರಿಂದ 15 ಬಾರಿ ಹೀಗಾದರೆ ಸೌಮ್ಯ, 15ರಿಂದ 30 ಆದರೆ ಮಧ್ಯಮ, 30 ದಾಟಿದರೆ ತೀವ್ರ. ಗಂಟೆಗೆ 30 ಬಾರಿ ಎಂದರೆ ಆರು ಗಂಟೆಯ ನಿದ್ದೆಯಲ್ಲಿ 180 ಬಾರಿ. ಇಷ್ಟು ಸಲ ನಿದ್ದೆ ಕೆಟ್ಟರೂ ಮಲಗಿದವರಿಗೆ ಬೆಳಿಗ್ಗೆ ಅದು ನೆನಪಿರುವುದಿಲ್ಲ. 'ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ, ಆದರೂ ಯಾಕೋ ಸುಸ್ತು' ಎನ್ನುತ್ತಾರೆ. ಹಾಗಾಗಿ ಜೋರು ಗೊರಕೆಯನ್ನು ಗಾಢ ನಿದ್ದೆಯ ಗುರುತು ಎನ್ನುವುದು ತಪ್ಪು. ಹಲವರಲ್ಲಿ ಅದು ನಿದ್ದೆ ಪದೇ ಪದೇ ಮುರಿಯುತ್ತಿರುವುದರ ಸೂಚನೆ.

ಎಷ್ಟು ಜನರಿಗೆ ಇದೆ?

ಜಗತ್ತಿನಲ್ಲಿ 30ರಿಂದ 69 ವರ್ಷದ ಸುಮಾರು 93 ಕೋಟಿ ಜನರಿಗೆ ಈ ಸಮಸ್ಯೆ ಇರಬಹುದು ಎಂದು 2019ರಲ್ಲಿ ಲ್ಯಾನ್ಸೆಟ್ ಬಳಗದ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಭಾರತದ ಅಧ್ಯಯನಗಳನ್ನು ಒಟ್ಟುಗೂಡಿಸಿ ದೆಹಲಿಯ ಏಮ್ಸ್ ವೈದ್ಯರು 2023ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಇಲ್ಲಿನ ವಯಸ್ಕರಲ್ಲಿ ಸುಮಾರು ಶೇ. 11ರಷ್ಟು ಮಂದಿಗೆ ಇದು ಇರಬಹುದು.

2022ರ ಫೆಬ್ರವರಿಯಲ್ಲಿ ಸಂಗೀತ ನಿರ್ದೇಶಕ ಬಪ್ಪಿ ಲಹರಿ ಮುಂಬೈನಲ್ಲಿ ನಿಧನರಾದಾಗ ಆಸ್ಪತ್ರೆಯ ವೈದ್ಯರು ಈ ಕಾಯಿಲೆಯ ಹೆಸರು ಹೇಳಿದ್ದರು. ಆಗ ದೇಶದಲ್ಲಿ ಬಹಳಷ್ಟು ಜನ ಇದರ ಬಗ್ಗೆ ಮೊದಲ ಬಾರಿಗೆ ಕೇಳಿದರು. ಜೊತೆಗೇ 'ಗೊರಕೆ ಹೊಡೆದರೆ ನಿದ್ದೆಯಲ್ಲೇ ಸಾವು' ಎಂಬ ಭಯ ಹುಟ್ಟಿಸುವ ಸಂದೇಶಗಳೂ ಬಂದವು. ಅದೂ ಪೂರ್ತಿ ಸರಿಯಲ್ಲ. ಲಹರಿ ಅವರಿಗೆ ಬೇರೆ ಆರೋಗ್ಯ ಸಮಸ್ಯೆಗಳೂ ಇದ್ದವು. ಸ್ಲೀಪ್ ಆಪ್ನಿಯಾ ಸಾಮಾನ್ಯವಾಗಿ ಒಂದೇ ರಾತ್ರಿಯಲ್ಲಿ ಜೀವ ತೆಗೆಯುವ ಕಾಯಿಲೆಯಲ್ಲ. ಅದು ವರ್ಷಗಳ ಕಾಲ ರಕ್ತದೊತ್ತಡ, ಹೃದಯ ಮತ್ತು ಮೆದುಳಿನ ಮೇಲೆ ಒತ್ತಡ ಹಾಕುತ್ತಾ ಹೋಗುತ್ತದೆ. ತಕ್ಷಣದ ಅಪಾಯ ಇರುವುದು ಹಗಲಿನ ತೂಕಡಿಕೆಯಲ್ಲಿ. ಸ್ಟಿಯರಿಂಗ್ ಹಿಡಿದವರು ಕಣ್ಣು ಮುಚ್ಚಲು ಎರಡು ಸೆಕೆಂಡು ಸಾಕು.

ಯಾಕೆ ಪತ್ತೆಯಾಗುವುದಿಲ್ಲ?

ಮೊದಲ ಕಾರಣ ಸರಳ. ಕಾಯಿಲೆ ನಡೆಯುವಾಗ ರೋಗಿ ನಿದ್ದೆಯಲ್ಲಿರುತ್ತಾರೆ. ಅದನ್ನು ಕಾಣುವವರು ಪಕ್ಕದಲ್ಲಿ ಮಲಗಿದವರು. ಅವರು ಹೇಳಿದರೂ 'ನಾನೆಲ್ಲಿ ಗೊರಕೆ ಹೊಡೀತೀನಿ' ಎಂಬ ಉತ್ತರ ಬರುತ್ತದೆ, ಮಾತು ತಮಾಷೆಯಲ್ಲಿ ಮುಗಿಯುತ್ತದೆ.

ಎರಡನೆಯದು, ಜನ ವೈದ್ಯರ ಬಳಿ ಹೋಗುವುದು ನಿದ್ದೆಯ ತೊಂದರೆ ಎಂದಲ್ಲ. ಬೆಳಿಗ್ಗೆ ಎದ್ದಾಗ ತಲೆನೋವು, ಮಾತ್ರೆ ನುಂಗಿದರೂ ಇಳಿಯದ ಬಿಪಿ, ರಾತ್ರಿ ಮೂರ್ನಾಲ್ಕು ಸಲ ಮೂತ್ರಕ್ಕೆ ಏಳುವುದು, ಮರೆವು, ಸಿಡುಕು, ಹೀಗೆ ದೂರು ಬೇರೆಯದೇ ಇರುತ್ತದೆ. ರಾತ್ರಿ ಮೂತ್ರಕ್ಕೆ ಏಳುವುದನ್ನು ಶುಗರ್ ಅಥವಾ ಪ್ರಾಸ್ಟೇಟ್ ಲೆಕ್ಕಕ್ಕೆ ಹಾಕುತ್ತೇವೆ. ಅವೂ ಕಾರಣವಾಗಿರಬಹುದು. ಆದರೆ ಮುಚ್ಚಿದ ದಾರಿಯಲ್ಲಿ ಉಸಿರೆಳೆಯಲು ದೇಹ ಹೆಣಗಾಡುವಾಗ ಹೃದಯದ ಮೇಲೆ ಒತ್ತಡ ಬೀಳುತ್ತದೆ, ಅದರಿಂದ ಮೂತ್ರ ಹೆಚ್ಚಿಸುವ ಹಾರ್ಮೋನ್ ಬಿಡುಗಡೆಯಾಗುತ್ತದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ.

ಮೂರನೆಯದು, 'ದಪ್ಪಗಿರುವ ಗಂಡಸರ ಕಾಯಿಲೆ' ಎಂಬ ತಪ್ಪು ಕಲ್ಪನೆ. ಬೊಜ್ಜು ದೊಡ್ಡ ಕಾರಣ ಎಂಬುದು ನಿಜ. ಆದರೆ ದವಡೆ ಚಿಕ್ಕದಾಗಿರುವವರಿಗೆ, ಟಾನ್ಸಿಲ್ ದೊಡ್ಡದಿರುವವರಿಗೆ, ಥೈರಾಯ್ಡ್ ಕೊರತೆ ಇರುವವರಿಗೆ ತೂಕ ಹೆಚ್ಚಿಲ್ಲದಿದ್ದರೂ ಇದು ಬರಬಹುದು. ಮಹಿಳೆಯರಲ್ಲಿ ಮುಟ್ಟು ನಿಂತ ಮೇಲೆ ಇದರ ಸಾಧ್ಯತೆ ಹೆಚ್ಚುತ್ತದೆ. ಅವರು ಹೆಚ್ಚಾಗಿ ಹೇಳುವುದು ಸುಸ್ತು, ತಲೆನೋವು, ನಿದ್ದೆ ಬರುತ್ತಿಲ್ಲ ಎಂದು. ಗೊರಕೆಯ ವಿಷಯ ಹೇಳಲು ಸಂಕೋಚ. ಹೀಗಾಗಿ ಮನೆಗೆಲಸದ ದಣಿವು ಎಂದೋ ಚಿಂತೆ ಎಂದೋ ಅವರ ದೂರು ಬದಿಗೆ ಸರಿಯುತ್ತದೆ.

ಮಕ್ಕಳಲ್ಲೂ ಇದು ಇದೆ. ಟಾನ್ಸಿಲ್ ಮತ್ತು ಅಡಿನಾಯ್ಡ್ ದೊಡ್ಡದಾಗುವುದು ಅವರಲ್ಲಿ ಮುಖ್ಯ ಕಾರಣ. ನಿದ್ದೆಗೆಟ್ಟ ದೊಡ್ಡವರು ತೂಕಡಿಸಿದರೆ, ನಿದ್ದೆಗೆಟ್ಟ ಮಗು ಎಷ್ಟೋ ಸಲ ಅತಿಯಾಗಿ ಓಡಾಡುತ್ತದೆ, ಹಟ ಮಾಡುತ್ತದೆ, ಪಾಠದಲ್ಲಿ ಗಮನ ಇಡುವುದಿಲ್ಲ. ಬಾಯಿ ತೆರೆದು ಮಲಗುವ, ದಿನವೂ ಗೊರಕೆ ಹೊಡೆಯುವ ಮಗುವನ್ನು 'ತುಂಟ' ಎಂದು ಬೈಯುವ ಮೊದಲು ಒಮ್ಮೆ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸುವುದು ಒಳ್ಳೆಯದು.

ನಿದ್ದೆ ಬರದಿರುವುದು ಬೇರೆ ಸಮಸ್ಯೆ

ಮಲಗಲು ಸಮಯವಿದೆ, ಜಾಗವಿದೆ, ಆದರೂ ನಿದ್ದೆ ಹತ್ತುವುದಿಲ್ಲ. ಅಥವಾ ನಡುರಾತ್ರಿ ಎಚ್ಚರವಾದರೆ ಮತ್ತೆ ಬರುವುದಿಲ್ಲ. ಅದರಿಂದ ಹಗಲಿನ ಕೆಲಸಕ್ಕೆ ತೊಂದರೆಯಾಗುತ್ತಿದೆ. ವಾರಕ್ಕೆ ಕನಿಷ್ಠ ಮೂರು ರಾತ್ರಿಯಂತೆ ಮೂರು ತಿಂಗಳು ಹೀಗೇ ಮುಂದುವರಿದರೆ ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ. ಪರೀಕ್ಷೆಯ ಹಿಂದಿನ ರಾತ್ರಿ, ಮಗಳ ಮದುವೆಯ ಹಿಂದಿನ ವಾರ ನಿದ್ದೆ ಬರದಿರುವುದು ಕಾಯಿಲೆಯಲ್ಲ.

ಇದಕ್ಕೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ ಎಂಬುದು ಹಲವರಿಗೆ ಅಚ್ಚರಿಯಾಗಬಹುದು. ಸಿಬಿಟಿ-ಐ ಎಂಬ ವರ್ತನಾ ಚಿಕಿತ್ಸೆಯನ್ನೇ ಮೊದಲು ಕೊಡಬೇಕು ಎಂದು ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲಿ ಶಿಫಾರಸು ಮಾಡಿತು. ದಿನವೂ ಒಂದೇ ಹೊತ್ತಿಗೆ ಏಳುವುದು, ಸುಮಾರು 20 ನಿಮಿಷವಾದರೂ ನಿದ್ದೆ ಬರದಿದ್ದರೆ ಹಾಸಿಗೆ ಬಿಟ್ಟು ಏಳುವುದು, ಹಾಸಿಗೆಯಲ್ಲಿ ಎಚ್ಚರವಾಗಿ ಹೊರಳಾಡುವ ಸಮಯವನ್ನು ಕಡಿಮೆ ಮಾಡುವುದು, ನಿದ್ದೆ ಬರದಿದ್ದರೆ ಏನಾಗಿಬಿಡುತ್ತದೋ ಎಂಬ ಆತಂಕವನ್ನು ತಿಳಿಗೊಳಿಸುವುದು ಇದರ ಭಾಗಗಳು. ಕೆಲವು ವಾರ ಹಿಡಿಯುತ್ತದೆ. ತರಬೇತಿ ಪಡೆದವರ ಮಾರ್ಗದರ್ಶನದಲ್ಲಿ ಮಾಡಿದರೆ ಉತ್ತಮ.

ಇಲ್ಲಿ ಒಂದು ಮುಖ್ಯ ಎಚ್ಚರಿಕೆ. ಆಲ್‌ಪ್ರಜೋಲಮ್, ಡಯಾಜೆಪಾಮ್‌ನಂಥ ನಿದ್ದೆ ಬರಿಸುವ ಮಾತ್ರೆಗಳು ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲಗೊಳಿಸಬಹುದು, ಉಸಿರು ನಿಂತಾಗ ಎಚ್ಚರಗೊಳ್ಳುವ ದೇಹದ ಸಾಮರ್ಥ್ಯವನ್ನೂ ಮಂದಗೊಳಿಸಬಹುದು. ಸ್ಲೀಪ್ ಆಪ್ನಿಯಾ ಇದೆ ಎಂದು ಗೊತ್ತಿಲ್ಲದ ವ್ಯಕ್ತಿ 'ನಿದ್ದೆ ಸರಿಯಾಗಿಲ್ಲ' ಎಂದು ಅಂಗಡಿಯಿಂದ ಇಂಥ ಮಾತ್ರೆ ತಂದು ನುಂಗಿದರೆ ಕಾಯಿಲೆ ಹೆಚ್ಚುವ ಸಾಧ್ಯತೆ ಇದೆ. ಇವು ನಮ್ಮ ದೇಶದಲ್ಲಿ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿವೆ. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ದಾಖಲಿಸಬೇಕು. ಪಕ್ಕದ ಮನೆಯವರಿಗೆ ಬರೆದುಕೊಟ್ಟ ಮಾತ್ರೆಯ ಹೆಸರನ್ನು ಫಾರ್ವರ್ಡ್ ಮಾಡಬಾರದು ಎನ್ನಲು ಇದೇ ಕಾರಣ. ಈಗಾಗಲೇ ಬಹಳ ದಿನಗಳಿಂದ ತೆಗೆದುಕೊಳ್ಳುತ್ತಿರುವವರು ಅದನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯಕಾರಿ. ವೈದ್ಯರನ್ನು ಕೇಳಿ ನಿಧಾನವಾಗಿ ಇಳಿಸಬೇಕು.

ಹೆಸರೇ ಕೇಳಿರದ ಇನ್ನೂ ಕೆಲವು

ಕಾಲು ಚಡಪಡಿಕೆ: ಸಂಜೆ ಕೂತಾಗ ಅಥವಾ ರಾತ್ರಿ ಮಲಗಿದಾಗ ಕಾಲಿನೊಳಗೆ ಹುಳ ಹರಿದಂತೆ, ಎಳೆದಂತೆ ಆಗುತ್ತದೆ. ಕಾಲು ಆಡಿಸದೆ ಇರಲು ಆಗುವುದಿಲ್ಲ. ಎದ್ದು ನಾಲ್ಕು ಹೆಜ್ಜೆ ನಡೆದರೆ ಆರಾಮ, ಮಲಗಿದರೆ ಮತ್ತೆ ಶುರು. ಇದು ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್. ಗರ್ಭಿಣಿಯರಲ್ಲಿ, ಮೂತ್ರಪಿಂಡದ ಕಾಯಿಲೆ ಇರುವವರಲ್ಲಿ, ಕಬ್ಬಿಣಾಂಶ ಕಡಿಮೆ ಇರುವವರಲ್ಲಿ ಹೆಚ್ಚು. ಇದನ್ನು ಪತ್ತೆ ಮಾಡಲು ರಾತ್ರಿಯಿಡೀ ಪರೀಕ್ಷೆ ಬೇಕಿಲ್ಲ. ಲಕ್ಷಣ ಕೇಳಿಯೇ ವೈದ್ಯರು ಗುರುತಿಸುತ್ತಾರೆ, ಜೊತೆಗೆ ಫೆರಿಟಿನ್ ಎಂಬ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಹಿಮೋಗ್ಲೋಬಿನ್ ಸರಿಯಿದ್ದರೂ ಫೆರಿಟಿನ್ ಕಡಿಮೆ ಇರಬಹುದು. ಕೆಲವು ಅಲರ್ಜಿ ಮಾತ್ರೆಗಳೂ ಖಿನ್ನತೆಯ ಮಾತ್ರೆಗಳೂ ಈ ತೊಂದರೆಯನ್ನು ಹೆಚ್ಚಿಸುತ್ತವೆ.

ಎದೆಯ ಮೇಲೆ ದೆವ್ವ ಕೂತಂತೆ: ಎಚ್ಚರವಾಗಿದೆ, ಆದರೆ ಕೈಕಾಲು ಅಲ್ಲಾಡುವುದಿಲ್ಲ, ಕೂಗಲು ದನಿ ಬರುವುದಿಲ್ಲ, ಕೋಣೆಯಲ್ಲಿ ಯಾರೋ ಇದ್ದಂತೆ ಭಾಸ. ಕನಸು ಕಾಣುವ ಹಂತದಲ್ಲಿ, ಅಂದರೆ ರೆಮ್ ನಿದ್ದೆಯಲ್ಲಿ, ದೇಹದ ಹೆಚ್ಚಿನ ಸ್ನಾಯುಗಳು ತಾತ್ಕಾಲಿಕವಾಗಿ ನಿಷ್ಕ್ರಿಯವಾಗಿರುತ್ತವೆ. ಆ ಸ್ಥಿತಿ ಮುಗಿಯುವ ಮೊದಲೇ ಎಚ್ಚರವಾದರೆ ಹೀಗಾಗುತ್ತದೆ. ಕೆಲವು ಸೆಕೆಂಡುಗಳಿಂದ ಕೆಲವು ನಿಮಿಷಗಳಲ್ಲಿ ಸರಿಹೋಗುತ್ತದೆ. ಅಪರೂಪಕ್ಕೊಮ್ಮೆ ಆದರೆ ಭಯಪಡಬೇಕಿಲ್ಲ, ತಾಯತವೂ ಬೇಕಿಲ್ಲ.

ಕನಸಿನಲ್ಲಿ ಹೊಡೆಯುವುದು, ಒದೆಯುವುದು: ಇದು ಮೇಲಿನದಕ್ಕೆ ತದ್ವಿರುದ್ಧ. ಕನಸಿನ ಹೊತ್ತಿನಲ್ಲಿ ಸ್ನಾಯುಗಳು ಸುಮ್ಮನಾಗಬೇಕಿತ್ತು, ಆಗುವುದಿಲ್ಲ. ವ್ಯಕ್ತಿ ಕನಸಿನಲ್ಲಿ ಓಡಿದರೆ ಹಾಸಿಗೆಯಿಂದ ಬೀಳುತ್ತಾರೆ, ಜಗಳವಾಡಿದರೆ ಪಕ್ಕದವರಿಗೆ ಏಟು ಬೀಳುತ್ತದೆ. 50 ದಾಟಿದವರಲ್ಲಿ ಹೊಸದಾಗಿ ಇದು ಶುರುವಾದರೆ ನರರೋಗ ತಜ್ಞರನ್ನು ಕಾಣಲೇಬೇಕು. ಕೆಲವರಲ್ಲಿ ಪಾರ್ಕಿನ್‌ಸನ್ ಕಾಯಿಲೆ ಕಾಣಿಸಿಕೊಳ್ಳುವ ವರ್ಷಗಳ ಮೊದಲೇ ಇದು ಕಾಣಿಸುತ್ತದೆ.

ನಾರ್ಕೊಲೆಪ್ಸಿ: ರಾತ್ರಿ ಸಾಕಷ್ಟು ಮಲಗಿದರೂ ಹಗಲಿನಲ್ಲಿ ತಡೆಯಲಾಗದ ನಿದ್ದೆ. ಕೆಲವರಿಗೆ ಜೋರಾಗಿ ನಕ್ಕಾಗ ಮಂಡಿ ಕುಸಿಯುತ್ತದೆ, ಕೈಯಲ್ಲಿದ್ದ ವಸ್ತು ಬೀಳುತ್ತದೆ. ಎಚ್ಚರವನ್ನು ಕಾಯ್ದುಕೊಳ್ಳುವ ಒರೆಕ್ಸಿನ್ ಎಂಬ ರಾಸಾಯನಿಕ ಮೆದುಳಿನಲ್ಲಿ ಕೊರತೆಯಾಗುವುದು ಇದಕ್ಕೆ ಮುಖ್ಯ ಕಾರಣ. ಹೆಚ್ಚಾಗಿ ಹದಿಹರೆಯದಲ್ಲಿ ಶುರುವಾಗುತ್ತದೆ. ಕ್ಲಾಸಿನಲ್ಲಿ ನಿದ್ದೆ ಮಾಡುವ ಸೋಮಾರಿ ಎಂಬ ಹಣೆಪಟ್ಟಿ ಹೊತ್ತೇ ಇವರ ಎಷ್ಟೋ ವರ್ಷಗಳು ಕಳೆದುಹೋಗುತ್ತವೆ.

ಪತ್ತೆ ಮಾಡುವುದು ಹೇಗೆ?

ಮೊದಲ ಹಂತ ಪ್ರಶ್ನೆಗಳು. ಸ್ಲೀಪ್ ಆಪ್ನಿಯಾ ಅನುಮಾನವಿದ್ದರೆ ವೈದ್ಯರು ಸ್ಟಾಪ್-ಬ್ಯಾಂಗ್ ಎಂಬ ಎಂಟು ಪ್ರಶ್ನೆಗಳ ಪಟ್ಟಿ ಬಳಸುತ್ತಾರೆ. ಜೋರು ಗೊರಕೆ, ಹಗಲಿನ ಸುಸ್ತು, ನಿದ್ದೆಯಲ್ಲಿ ಉಸಿರು ನಿಂತದ್ದನ್ನು ಬೇರೆಯವರು ನೋಡಿರುವುದು, ರಕ್ತದೊತ್ತಡ, ಬೊಜ್ಜು, 50 ದಾಟಿದ ವಯಸ್ಸು, ದಪ್ಪ ಕುತ್ತಿಗೆ, ಗಂಡಸಾಗಿರುವುದು, ಒಂದೊಂದಕ್ಕೂ ಒಂದು ಅಂಕ. ಮೂರು ಅಥವಾ ಹೆಚ್ಚು ಬಂದರೆ ಮುಂದಿನ ತಪಾಸಣೆಯ ಬಗ್ಗೆ ಯೋಚಿಸುತ್ತಾರೆ. ಹಗಲಿನ ನಿದ್ದೆಯನ್ನು ಅಳೆಯಲು 1991ರಲ್ಲಿ ಆಸ್ಟ್ರೇಲಿಯಾದಲ್ಲಿ ರೂಪುಗೊಂಡ ಎಪ್‌ವರ್ತ್ ಮಾಪಕವಿದೆ. ಟಿವಿ ನೋಡುವಾಗ, ಓದುವಾಗ, ಊಟವಾದ ಮೇಲೆ ಕೂತಾಗ, ಹೀಗೆ ಎಂಟು ಸಂದರ್ಭಗಳಲ್ಲಿ ತೂಕಡಿಸುವ ಸಾಧ್ಯತೆಗೆ 0ರಿಂದ 3ರವರೆಗೆ ಅಂಕ. ಒಟ್ಟು 24ರಲ್ಲಿ 10 ದಾಟಿದರೆ ಹಗಲಿನ ನಿದ್ದೆ ಹೆಚ್ಚು ಎಂದರ್ಥ. ಇವು ಅನುಮಾನವನ್ನು ಅಳೆಯುತ್ತವೆಯೇ ಹೊರತು ಕಾಯಿಲೆ ಇದೆ ಎಂದು ಸಾಬೀತು ಮಾಡುವುದಿಲ್ಲ.

ಎರಡನೆಯ ಹಂತ ಪರೀಕ್ಷೆ. ಪಾಲಿಸೋಮ್ನೋಗ್ರಫಿ ಎಂಬ ಪರೀಕ್ಷೆಗೆ ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಬೇಕು. ತಲೆ, ಕಣ್ಣಿನ ಬದಿ, ಗಲ್ಲ, ಕಾಲಿಗೆ ತಂತಿಗಳನ್ನು ಅಂಟಿಸುತ್ತಾರೆ. ಎದೆ ಮತ್ತು ಹೊಟ್ಟೆಗೆ ಪಟ್ಟಿ, ಮೂಗಿನ ಬಳಿ ಗಾಳಿಯ ಹರಿವು ಅಳೆಯುವ ಕೊಳವೆ, ಬೆರಳಿಗೆ ಆಕ್ಸಿಮೀಟರ್. ಸೂಜಿ ಚುಚ್ಚುವುದಿಲ್ಲ, ನೋವಿಲ್ಲ, ಶಾಕ್ ಹೊಡೆಯುವುದಿಲ್ಲ. 'ಅಷ್ಟೆಲ್ಲ ತಂತಿ ಹಾಕಿದರೆ ನಿದ್ದೆ ಎಲ್ಲಿ ಬರುತ್ತದೆ' ಎಂಬ ಪ್ರಶ್ನೆ ಸಹಜ. ಎಂದಿನಷ್ಟು ನಿದ್ದೆ ಬರದಿದ್ದರೂ ಹೆಚ್ಚಿನವರಲ್ಲಿ ಲೆಕ್ಕಕ್ಕೆ ಬೇಕಾದಷ್ಟು ಮಾಹಿತಿ ಸಿಗುತ್ತದೆ.

ಸ್ಲೀಪ್ ಆಪ್ನಿಯಾ ಅನುಮಾನ ಬಲವಾಗಿದ್ದು ಬೇರೆ ದೊಡ್ಡ ಕಾಯಿಲೆ ಇಲ್ಲದ ವಯಸ್ಕರಿಗೆ ಮನೆಯಲ್ಲೇ ಮಾಡುವ ಚಿಕ್ಕ ಪರೀಕ್ಷೆಯೂ ಇದೆ. ಖರ್ಚು ಕಡಿಮೆ, ನಮ್ಮದೇ ಹಾಸಿಗೆ. ಆದರೆ ಸಾಮಾನ್ಯವಾಗಿ ಅದು ಮೆದುಳಿನ ತರಂಗ ಅಳೆಯುವುದಿಲ್ಲ, ಹಾಗಾಗಿ ನಿಜಕ್ಕೂ ಎಷ್ಟು ಹೊತ್ತು ನಿದ್ದೆ ಮಾಡಿದಿರಿ ಎಂದು ಅದಕ್ಕೆ ತಿಳಿಯುವುದಿಲ್ಲ. ಎಚ್ಚರವಾಗಿದ್ದ ಗಂಟೆಗಳೂ ಲೆಕ್ಕಕ್ಕೆ ಸೇರಿ ಕಾಯಿಲೆ ಇರುವುದಕ್ಕಿಂತ ಕಡಿಮೆ ಕಾಣಬಹುದು. ಲಕ್ಷಣಗಳು ಜೋರಾಗಿದ್ದು ಮನೆ ಪರೀಕ್ಷೆ 'ನಾರ್ಮಲ್' ಎಂದರೆ ಅಲ್ಲಿಗೇ ಬಿಡದೆ ಆಸ್ಪತ್ರೆಯ ಪರೀಕ್ಷೆ ಮಾಡಿಸಬೇಕು.

ನಾರ್ಕೊಲೆಪ್ಸಿ ಅನುಮಾನವಿದ್ದರೆ ರಾತ್ರಿಯ ಪರೀಕ್ಷೆಯ ಮರುದಿನ ಎರಡು ಗಂಟೆಗೊಮ್ಮೆ ನಾಲ್ಕೈದು ಬಾರಿ ಮಲಗಿಸಿ, ಎಷ್ಟು ಬೇಗ ನಿದ್ದೆ ಹತ್ತುತ್ತದೆ ಎಂದು ನೋಡುತ್ತಾರೆ. ನಿದ್ರಾಹೀನತೆಗೆ ಸಾಮಾನ್ಯವಾಗಿ ಈ ಯಾವ ಪರೀಕ್ಷೆಯೂ ಬೇಕಿಲ್ಲ. ಎರಡು ವಾರದ ನಿದ್ದೆಯ ದಿನಚರಿಯೇ ಅಲ್ಲಿ ಮುಖ್ಯ ಸಾಧನ. ಎಲ್ಲ ನಿದ್ದೆ ತೊಂದರೆಗೂ ಸ್ಲೀಪ್ ಟೆಸ್ಟ್ ಪ್ಯಾಕೇಜ್ ಎಂಬ ಜಾಹೀರಾತು ಕಂಡರೆ ಇದನ್ನು ನೆನಪಿಡಿ.

ಸ್ಮಾರ್ಟ್‌ವಾಚ್ ಸಾಕಾಗುವುದಿಲ್ಲವೇ? 2024ರಲ್ಲಿ ಸ್ಯಾಮ್‌ಸಂಗ್ ಮತ್ತು ಆಪಲ್ ವಾಚ್‌ಗಳ ಸ್ಲೀಪ್ ಆಪ್ನಿಯಾ ಸೂಚನೆಗೆ ಅಮೆರಿಕದ ಎಫ್‌ಡಿಎ ಒಪ್ಪಿಗೆ ನೀಡಿದ್ದು ನಿಜ. ಆದರೆ ಆ ಒಪ್ಪಿಗೆ ಸೂಚನೆ ನೀಡುವುದಕ್ಕಷ್ಟೇ. ವಾಚ್ ಎಚ್ಚರಿಸಿದರೆ ವೈದ್ಯರಿಗೆ ತೋರಿಸಿ. ವಾಚ್ ಏನೂ ಹೇಳಲಿಲ್ಲ ಎಂದರೆ ಕಾಯಿಲೆ ಇಲ್ಲ ಎಂದರ್ಥವಲ್ಲ.

ಚಿಕಿತ್ಸೆ ಮತ್ತು ಫಾರ್ವರ್ಡ್‌ಗಳು

ಮಧ್ಯಮ ಮತ್ತು ತೀವ್ರ ಸ್ಲೀಪ್ ಆಪ್ನಿಯಾಗೆ ಮುಖ್ಯ ಚಿಕಿತ್ಸೆ ಸಿಪ್ಯಾಪ್ ಯಂತ್ರ. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲ್ಲಿವನ್ ಮತ್ತು ಸಂಗಡಿಗರು ಇದನ್ನು ಮೊದಲು ವರದಿ ಮಾಡಿದರು. ಮಾಸ್ಕ್ ಮೂಲಕ ಸಣ್ಣ ಒತ್ತಡದಲ್ಲಿ ಗಾಳಿ ಕಳಿಸಿ ಗಂಟಲಿನ ದಾರಿ ಮುಚ್ಚದಂತೆ ಇದು ನೋಡಿಕೊಳ್ಳುತ್ತದೆ. ಇದು ಆಕ್ಸಿಜನ್ ಸಿಲಿಂಡರ್ ಅಲ್ಲ, ಹಚ್ಚಿಕೊಂಡರೆ ಶ್ವಾಸಕೋಶ ದುರ್ಬಲವಾಗುತ್ತದೆ ಎಂಬುದೂ ಸುಳ್ಳು. ಹಗಲಿನ ತೂಕಡಿಕೆ ಇಳಿಯುವುದರಲ್ಲಿ ಇದರ ಪ್ರಯೋಜನ ಸ್ಪಷ್ಟ. ಹೃದಯಾಘಾತವನ್ನು ತಪ್ಪಿಸುತ್ತದೆಯೇ ಎಂಬುದು ಅಷ್ಟು ಸ್ಪಷ್ಟವಿಲ್ಲ. ಈಗಾಗಲೇ ಹೃದಯ ಅಥವಾ ಮೆದುಳಿನ ರಕ್ತನಾಳದ ಕಾಯಿಲೆ ಇದ್ದ 2,600ಕ್ಕೂ ಹೆಚ್ಚು ಜನರ ಮೇಲೆ ನಡೆದ 2016ರ ದೊಡ್ಡ ಪ್ರಯೋಗದಲ್ಲಿ ಅಂಥ ಲಾಭ ಕಾಣಲಿಲ್ಲ. ಆದರೆ ಅವರು ರಾತ್ರಿಗೆ ಸರಾಸರಿ ಮೂರು ಗಂಟೆಯ ಆಸುಪಾಸು ಮಾತ್ರ ಯಂತ್ರ ಬಳಸಿದ್ದರು. ತೂಕ ಇಳಿಸುವುದು, ಮದ್ಯ ಬಿಡುವುದು, ಪಕ್ಕಕ್ಕೆ ಹೊರಳಿ ಮಲಗುವುದು, ದವಡೆಯನ್ನು ಮುಂದಕ್ಕೆ ಹಿಡಿಯುವ ಸಾಧನ, ಕೆಲವರಿಗೆ ಶಸ್ತ್ರಚಿಕಿತ್ಸೆ, ಇವೂ ಇವೆ.

ಶಂಖ ಊದಿದರೆ ಗೊರಕೆ ವಾಸಿ ಎಂಬ ಸಂದೇಶದ ಹಿಂದೆ ಒಂದು ನಿಜವಾದ ಅಧ್ಯಯನವಿದೆ. ಜೈಪುರದ ವೈದ್ಯರು ನಡೆಸಿ 2025ರಲ್ಲಿ ಪ್ರಕಟಿಸಿದ ಆ ಪ್ರಯೋಗದಲ್ಲಿ ಇದ್ದವರು 30 ಜನ. ಆರು ತಿಂಗಳು ಶಂಖ ಊದಿದವರಲ್ಲಿ ಹಗಲಿನ ನಿದ್ದೆ ಇಳಿಯಿತು, ಉಸಿರು ನಿಲ್ಲುವುದು ಗಂಟೆಗೆ ಸರಾಸರಿ ನಾಲ್ಕೈದು ಬಾರಿ ಕಡಿಮೆಯಾಯಿತು. ಗಂಟಲಿನ ಸ್ನಾಯುಗಳಿಗೆ ವ್ಯಾಯಾಮ ಸಿಗುವುದರಿಂದ ಇದು ಅಸಂಭವವೇನಲ್ಲ. ಆದರೆ ಗಂಟೆಗೆ 40 ಬಾರಿ ಉಸಿರು ನಿಲ್ಲುವವರಿಗೆ ಅದು 35ಕ್ಕೆ ಇಳಿದರೂ ಕಾಯಿಲೆ ತೀವ್ರವಾಗಿಯೇ ಇರುತ್ತದೆ. ಊದುವವರು ಊದಲಿ, ಅದಕ್ಕಾಗಿ ಯಂತ್ರ ಬಿಡುವುದು ಬೇಡ.

ಮೂಗಿಗೆ ಎಣ್ಣೆ ಅಥವಾ ತುಪ್ಪ ಬಿಡುವುದರಿಂದ ಗಂಟಲಿನ ತಡೆ ಹೋಗುವುದಿಲ್ಲ. ಜಿಡ್ಡು ಶ್ವಾಸಕೋಶಕ್ಕೆ ಇಳಿದರೆ ಒಂದು ಬಗೆಯ ನ್ಯುಮೋನಿಯಾ ಬರಬಹುದು. ಮೂಗಿನ ಅಯಸ್ಕಾಂತದ ಕ್ಲಿಪ್ ಕಾಯಿಲೆಯನ್ನು ಗುಣಪಡಿಸುವುದಕ್ಕೆ ಪುರಾವೆಯಿಲ್ಲ. ಬಾಯಿಗೆ ಟೇಪ್ ಹಚ್ಚಿ ಮಲಗುವುದು ಮೂಗು ಕಟ್ಟಿದವರಿಗೆ ಅಪಾಯ.

ವೈದ್ಯರ ಬಳಿ ಹೋಗುವ ಮುನ್ನ

- ಎರಡು ವಾರ ಮಲಗಿದ್ದು, ಎದ್ದದ್ದು, ನಡುವೆ ಎಚ್ಚರವಾದದ್ದು, ಕಾಫಿ, ಟೀ, ಮದ್ಯ ಸೇವಿಸಿದ್ದನ್ನು ಬರೆದಿಡಿ.
- ಗೊರಕೆ ಅಥವಾ ನಿದ್ದೆಯಲ್ಲಿನ ಚಲನೆಯನ್ನು ಮನೆಯವರಿಂದ ಮೊಬೈಲ್‌ನಲ್ಲಿ ವಿಡಿಯೊ ಮಾಡಿಸಿ. ಅದನ್ನು ಗ್ರೂಪ್‌ಗೆ ಹಾಕಬೇಡಿ, ವೈದ್ಯರಿಗೆ ತೋರಿಸಿ.
- ಪಕ್ಕದಲ್ಲಿ ಮಲಗುವವರನ್ನು ಜೊತೆಗೆ ಕರೆದುಕೊಂಡು ಹೋಗಿ. ನೋಡಿದವರು ಅವರೇ.
- ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಒಯ್ಯಿರಿ.
- ಪರೀಕ್ಷೆ ಮತ್ತು ಯಂತ್ರದ ಖರ್ಚು ಸಾವಿರಾರು ರೂಪಾಯಿ ಆಗುತ್ತದೆ. ವಿಮೆಯಲ್ಲಿ ಸೇರಿದೆಯೇ ಎಂದು ಮೊದಲೇ ವಿಚಾರಿಸಿ.

ಗೊರಕೆ ಮತ್ತು ಉಸಿರು ನಿಲ್ಲುವುದಕ್ಕೆ ಶ್ವಾಸಕೋಶ ತಜ್ಞರು ಅಥವಾ ಕಿವಿ-ಮೂಗು-ಗಂಟಲು ತಜ್ಞರು, ಕಾಲು ಚಡಪಡಿಕೆ, ಕನಸಿನ ಒದೆತ, ಹಗಲು ನಿದ್ದೆಗೆ ನರರೋಗ ತಜ್ಞರು, ನಿದ್ರಾಹೀನತೆಗೆ ಮನೋವೈದ್ಯರು ಅಥವಾ ಮನಶ್ಶಾಸ್ತ್ರಜ್ಞರು. ಎಲ್ಲಿಂದ ಶುರು ಮಾಡುವುದು ತಿಳಿಯದಿದ್ದರೆ ನಿಮ್ಮ ಎಂದಿನ ವೈದ್ಯರೇ ಸಾಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಿದ್ರಾ ಕಾಯಿಲೆಗಳಿಗೆ ಪ್ರತ್ಯೇಕ ಕ್ಲಿನಿಕ್ ಇದೆ. ಆತಂಕ, ಖಿನ್ನತೆಯಿಂದ ನಿದ್ದೆ ಕೆಟ್ಟಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಒಟ್ಟಾರೆ ಹೇಳುವುದಾದರೆ

ಗೊರಕೆ ಗಾಢ ನಿದ್ದೆಯ ಗುರುತಲ್ಲ, ಎಲ್ಲ ಗೊರಕೆಯೂ ಕಾಯಿಲೆಯಲ್ಲ. ಗೊರಕೆಯ ನಡುವೆ ಉಸಿರು ನಿಲ್ಲುತ್ತಿದ್ದರೆ, ಹಗಲಿನಲ್ಲಿ ತೂಕಡಿಕೆ ಬಿಡದಿದ್ದರೆ, ಬಿಪಿ ಹತೋಟಿಗೆ ಬರದಿದ್ದರೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಯಾವ ಕಾಯಿಲೆ ಎಂದು ತಿಳಿಯುವವರೆಗೆ ನಿದ್ದೆ ಮಾತ್ರೆ ಬೇಡ, ವಾಹನ ಓಡಿಸುವಾಗ ಕಣ್ಣು ಎಳೆದರೆ ಬದಿಗೆ ನಿಲ್ಲಿಸಿ. ಮನೆಯಲ್ಲಿ ಯಾರಾದರೂ 'ನಿಮ್ಮ ಉಸಿರು ನಿಂತು ನಿಂತು ಬರುತ್ತದೆ' ಎಂದು ಹೇಳಿದರೆ ಆ ಮಾತನ್ನು ನಕ್ಕು ಬಿಡಬೇಡಿ. ನಿಮ್ಮ ನಿದ್ದೆಯ ಬಗ್ಗೆ ನಿಮಗಿಂತ ಅವರಿಗೇ ಹೆಚ್ಚು ಗೊತ್ತು.